ಫಿಲಿಪೈನ್ಸ್ ಕ್ಯಾಲೆಂಡರು ಮತ್ತು ನಮ್ಮತ್ತೆಯ ಹುಟ್ಟಿದ ದಿನ

ನಾನು, ನಮ್ಮ ಯಜಮಾನರು, ನನ್ನ ಮೈದುನ, ಮೂವರೂ ಜೂನ್ ಒಂದರಂದು ಹುಟ್ಟಿದವರು. ನಗಬೇಡಿ, ನಿಮ್ಮ ಮನೆಯಲ್ಲೂ ಇಬ್ಬರಾದರೂ ಇದ್ದೇ ಇರುತ್ತಾರೆ. ನಮ್ಮ ಕಾಲದಲ್ಲಿ ಹೆರಿಗೆ ಮಾಡಿಸುತ್ತಿದ್ದವಳು ಸೂಲಗಿತ್ತಿ, ಹುಟ್ಟಿದ ತಾರೀಖು ಕೊಡುತ್ತಿದ್ದವರು ಹೆಡ್‌ಮಾಸ್ತರು. ಶಾಲೆ ಸುರುವಾಗುವ ದಿನಕ್ಕೆ ಹೊಂದಿಸಿ ಎಲ್ಲರನ್ನೂ ಒಟ್ಟಿಗೇ ಹುಟ್ಟಿಸಿಬಿಡುತ್ತಿದ್ದರು. ನನಗೆ ಅದರ ಬೇಜಾರಿರಲಿಲ್ಲ. ಹುಟ್ಟಿಸಿದ ಶಿವನಿಗೆ ಖರೇ ತಾರೀಖು ಗೊತ್ತಿದ್ದರೆ ಸಾಕಲ್ಲವೇ?

ತಲೆ ಕೆಡಿಸಿದ್ದು ಒಂದು ಕ್ಯಾಲೆಂಡರು. ರಾಯಬಾಗದ ನಮ್ಮ ಓಣಿಯ ಹುಡುಗಿಯೊಬ್ಬಳು ಡಾಕ್ಟರಿಕೆ ಕಲಿಯಲು ಫಿಲಿಪೈನ್ಸಿಗೆ ಹೋಗಿದ್ದಳು. ರಜೆಗೆ ಬಂದಾಗ ಅಲ್ಲಿಯದೊಂದು ಕ್ಯಾಲೆಂಡರ್ ತಂದುಕೊಟ್ಟಳು. ಆ ದೇಶದಲ್ಲಿ ಅಂದು ಯಾರು ಹುಟ್ಟಿದರು, ಏನು ನಡೆಯಿತು ಎಂದು ಹೆಚ್ಚುಕಡಿಮೆ ಎಲ್ಲ ಚೌಕಗಳಲ್ಲೂ ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ಅದನ್ನು ಅಡುಗೆಮನೆಯ ಮೊಳೆಗೆ ತೂಗುಹಾಕಿದೆ. ದಿನಾ ಪೂಜೆ ಮುಗಿಸಿ, ಒಲೆಯ ಮೇಲೆ ಹಾಲಿಟ್ಟು, ಅಂದಿನ ಚೌಕ ಓದಿ ಅತ್ತೆಗೆ ಹೇಳುವುದು ರೂಢಿಯಾಯಿತು. ಮೂವತ್ತು ವರ್ಷ ಸುಮ್ಮನೆ ಬಿದ್ದಿದ್ದ ನನ್ನ ಪಿಯುಸಿ ಇಂಗ್ಲಿಷು ಕೊನೆಗೂ ಕೆಲಸಕ್ಕೆ ಬಂತು. ಹಾಲು ಎಷ್ಟು ಸಲ ಉಕ್ಕಿತು ಎಂದು ಮಾತ್ರ ಕೇಳಬೇಡಿ.

ಜನವರಿ ಆರರ ಚೌಕದಲ್ಲಿ ಒಬ್ಬ ಅಜ್ಜಿ ಹುಟ್ಟಿದ್ದಳು. ದಂಗೆಯೆದ್ದವರಿಗೆ ಉಣ್ಣಲು ಹಾಕಿ, ಅವರ ಗಾಯಕ್ಕೆ ಮದ್ದು ಹಚ್ಚಿದ ತಪ್ಪಿಗೆ, ಎಂಬತ್ತು ದಾಟಿದ ಆಕೆಯನ್ನು ಆಳುವವರು ಹಡಗು ಹತ್ತಿಸಿ ದೂರದ ದ್ವೀಪಕ್ಕೆ ಅಟ್ಟಿದ್ದರಂತೆ.

“ಉಣ್ಣಾಕ ಹಾಕಿದ್ದಕ್ಕ?” ಅತ್ತೆ ಚಹಾದ ಬಸಿ ಕೆಳಗಿಟ್ಟರು. “ಹಂಗಾರ ನನ್ನ ಎಷ್ಟ ಸಲ ಹಡಗ ಹತ್ತಸಬೇಕಿತ್ತ! ನಿನ್ನ ಗಂಡನ ಗೆಳ್ಯಾರು ತಿಂದ ರೊಟ್ಟಿ ಒಟ್ಟಿದ್ರ ಗುಡ್ಡ ಆಕ್ಕಿತ್ತು.”

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಅತ್ತೆ ಗೋಡೆಯನ್ನೇ ನೋಡುತ್ತ ಕೇಳಿದರು: “ಅಕೀ ಹುಟ್ಟಿದ ದಿನಾ ಗ್ವಾಡಿಮ್ಯಾಗ ಐತಿ. ನಂದ ಯಾವತ್ತ ಬೇ?”

“ಆಧಾರ ಕಾರ್ಡಿನ್ಯಾಗ ಜನವರಿ ಒಂದ ಐತಲ್ರಿ.”

“ಅದ ಕಂಪ್ಯೂಟರನಾಂವ ಹಡದದ್ದ. ನಮ್ಮವ್ವ ಹಡದದ್ದ ಹೇಳ.”

ಅತ್ತೆಗೆ ಗೊತ್ತಿದ್ದದ್ದು ಇಷ್ಟೇ: ಮೊದಲ ಮಳೆ ಬಿದ್ದಿತ್ತು, ಹೊಲದಲ್ಲಿ ಬಿತ್ತನೆಗೆ ಕೂರಿಗೆ ಹೂಡಿದ್ದರು, ಸೋಮವಾರ. ಯಜಮಾನರು ಅವರ ತವರೂರು ಕರೋಶಿಗೇ ಹೋಗಿ ಅಲ್ಲಿಯ ಹಿರಿಯರೊಬ್ಬರನ್ನು ವಿಚಾರಿಸಿದರು. “ಅಕೀ ಹುಟ್ಟಿದ್ದ ಖರೇ ಐತಿ. ಅದಕ್ಕ ನಾ ಸಾಕ್ಷಿ ಅದೀನಿ,” ಎಂದು ಅವರು ಎದೆ ತಟ್ಟಿ ಹೇಳಿ ಕಳಿಸಿದರು. ಅದನ್ನು ಕೇಳಿದ ಅತ್ತೆ ಮುಖ ತಿರುಗಿಸಿದರು. ಅಂದಿನಿಂದ ನಾನು ಚೌಕ ಓದಲು ನಿಂತರೆ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಮುಂಜಾನೆಯ ಚಹಾ ಸಪ್ಪಗಾಯಿತು. ಮಂದಿಯ ಹುಟ್ಟುಹಬ್ಬ ಓದಿ ನಮ್ಮ ಮುದುಕಿಯ ಮನಸ್ಸು ನೋಯಿಸಿದೆನಲ್ಲ ಎಂದು ನನಗೂ ಚುಚ್ಚುತ್ತಿತ್ತು.

ಆದರೂ ಓದುವ ಚಟ ಬಿಡಲಿಲ್ಲ. ಜೂನ್ ಹನ್ನೆರಡು ಬಂತು, ಆ ದೇಶದ ಸ್ವಾತಂತ್ರ್ಯದ ದಿನ. ಅವರು ಮೊದಮೊದಲು ಅದನ್ನು ಜುಲೈ ನಾಲ್ಕಕ್ಕೆ ಆಚರಿಸುತ್ತಿದ್ದರಂತೆ. ಅದು ಅಮೆರಿಕದವರು ರಾಜ್ಯ ಬಿಟ್ಟುಕೊಟ್ಟ ದಿನ, ಅಮೆರಿಕದವರ ಸ್ವಂತ ಹಬ್ಬದ ದಿನವೂ ಹೌದು. ಕೆಲವು ವರ್ಷ ಕಳೆದ ಮೇಲೆ ಅದನ್ನು ಬಿಟ್ಟು, ಬಹಳ ಹಿಂದೆ ‘ನಾವು ಸ್ವತಂತ್ರರು’ ಎಂದು ತಾವೇ ಸಾರಿದ್ದ ಜೂನ್ ಹನ್ನೆರಡನ್ನು ಹಿಡಿದರು.

ಅತ್ತೆಗೆ ಒಮ್ಮೆಲೇ ಕಿವಿ ಬಂತು. “ಮಂದಿ ಕೊಟ್ಟದ್ದ ಬಿಟ್ಟ, ತಮ್ಮ ಬಾಯಿಲೆ ಹೇಳಿದ್ದ ಇಟಗೊಂಡ್ರು?”

“ಹೌದ್ರಿ.”

“ಯಾರೂ ಏನೂ ಅನ್ನಲಿಲ್ಲ?”

“ಇಡೀ ದೇಶಕ್ಕ ಸೂಟಿ ಕೊಡತಾರ್ರಿ.”

“ಹಂಗಾರ ನಂದ ಬರೂ ಸೋಮವಾರ. ಬರಿ ಅಲ್ಲಿ.”

ಪುಣ್ಯಕ್ಕೆ ಆ ಚೌಕದಲ್ಲಿ ಯಾವ ಫಿಲಿಪೈನ್ಸಿನವರೂ ಹುಟ್ಟಿರಲಿಲ್ಲ. ಪೆನ್ಸಿಲಿನಲ್ಲಿ ಬರೆಯಹೋದೆ, ಪೆನ್ನೇ ಬೇಕೆಂದರು.

ಸೋಮವಾರ ಹೋಳಿಗೆ ಮಾಡಿದೆ. ಯಜಮಾನರು ನಿಪ್ಪಾಣಿಯಿಂದ ಕೇಕು ತಂದರು. “ದೀಪಾ ಊದಿ ಆರಸೂದೇನ ನಮ್ಮ ಮನ್ಯಾಗ?” ಎಂದು ಅತ್ತೆ ಮೇಣದಬತ್ತಿಯನ್ನು ಕಿತ್ತು ದೇವರ ಮುಂದೆ ನಿಲ್ಲಿಸಿದರು. ಇಳಕಲ್ ಸೀರೆಯುಟ್ಟು ಸಂಜೆಯವರೆಗೂ ಓಣಿಯವರ ನಮಸ್ಕಾರ ತೆಗೆದುಕೊಂಡರು. ಎಲ್ಲರೂ ಹೋದ ಮೇಲೆ ನನ್ನ ಕಡೆ ತಿರುಗಿದರು.

“ನಿಂದ ಯಾವತ್ತ?”

“ಜೂನ್ ಒಂದ್ರಿ.”

“ಅದ ಮಾಸ್ತರಂದು. ನಾಳೆ ಇಟಗೋ. ಹೂರಣ ಉಳದೈತಿ.”

ನಾನು ಚೇಷ್ಟೆಯೆಂದುಕೊಂಡೆ. ಮರುದಿನ ಪೂಜೆ ಮುಗಿಸಿ ಬಂದರೆ ಅತ್ತೆ ಒಲೆಯ ಮುಂದೆ ನಿಂತಿದ್ದರು. ಮೊಣಕಾಲು ನೋವೆಂದು ಅವರು ಲಟ್ಟಣಿಗೆ ಮುಟ್ಟದೆ ಎಷ್ಟೋ ವರ್ಷಗಳಾಗಿದ್ದವು. ನನ್ನನ್ನು ಕೂಡಿಸಿ, ಹಣೆಗೆ ಕುಂಕುಮ ಹಚ್ಚಿ, ತಾಟಿಗೆ ಹೋಳಿಗೆ ಹಾಕಿದರು. ಒಂದು ಬದಿ ಕರಕಲಾಗಿತ್ತು, ಇನ್ನೊಂದು ಬದಿಯಿಂದ ಹೂರಣ ಹೊರಗೆ ಬಂದಿತ್ತು. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನಾನು ಕೂತು, ಇನ್ನೊಬ್ಬರು ಬಿಸಿಬಿಸಿ ಬಡಿಸಿದ್ದು ಅದೇ ಮೊದಲು.

“ಹ್ಯಾಂಗ ಆಗೈತಿ?” ಎಂದು ಕೇಳಿದರು.

“ಭಾಳ ಚಲೋ ಆಗೈತ್ರಿ,” ಎಂದೆ.

ಹುಟ್ಟಿ ಇನ್ನೂ ಒಂದು ತಾಸು ಆಗಿರಲಿಲ್ಲ, ಆಗಲೇ ಸುಳ್ಳು ಹೇಳಿದ್ದೆ. ಶಿವ ಕ್ಷಮಿಸಲಿ.