ಇಪ್ಪತ್ತು ಅಂಕದ ಮನುಷ್ಯ ಗುಬ್ಬೀಲೂ ಇಲ್ಲ, ಕುಣಿಗಲ್‌ನಲ್ಲೂ ಇಲ್ಲ

ಓದೋರಿಗೆಲ್ಲ ನಮಸ್ಕಾರ. ನಾನು ಫೋನಲ್ಲಿ ಒಂದೇ ಬೆರಳಲ್ಲಿ ಟೈಪ್ ಮಾಡೋನು. ಒತ್ತಕ್ಷರ ತಪ್ಪಿರುತ್ತೆ, ಎಲ್ಲೋ ಒಂದು ದೀರ್ಘ ಬಿಟ್ಟೋಗಿರುತ್ತೆ. ಹತ್ತನೇ ಕ್ಲಾಸನ್ನ ಮೂವತ್ತನಾಲ್ಕನೇ ವಯಸ್ಸಲ್ಲಿ ಪಾಸ್ ಮಾಡಿದೋನು ಅಂತ ತಿಳ್ಕೊಂಡು ಕ್ಷಮಿಸಿಬಿಡಿ. ಅಕ್ಷರದ ತಪ್ಪಿಗೆ ಕ್ಷಮೆ ಕೇಳ್ತೀನಿ, ಕೋಪಕ್ಕೆ ಕೇಳಲ್ಲ. ಈ ಬರಹದಲ್ಲಿ ಕೋಪ ಜಾಸ್ತಿ ಇದೆ.

ನಾನು ಹಿರೇಹಳ್ಳೀಲಿ ಒಂದು ಫ್ಯಾಕ್ಟರೀಲಿ ಪ್ಯಾಕಿಂಗ್ ಕೆಲಸ ಮಾಡ್ತೀನಿ. ಮನೆ ತುಮಕೂರಲ್ಲಿ. ಹತ್ತನೇ ಕ್ಲಾಸ್ ಆದ್ಮೇಲೆ ಪಿಯುಸಿ ಕಟ್ಟಿದೆ, ಆಮೇಲೆ ದೂರಶಿಕ್ಷಣದಲ್ಲಿ ಬಿ.ಎ. ಮನಃಶಾಸ್ತ್ರ ತಗೊಂಡೆ. ಫ್ಯಾಕ್ಟರೀಲಿ ನಗ್ತಾರೆ. "ಏನ್ಲಾ ಡಾಕ್ಟ್ರೇ, ಇವತ್ತು ನನ್ ತಲೇಲಿ ಏನೈತೆ ಹೇಳು ನೋಡಾನ" ಅಂತಾರೆ. ನಗ್ಲಿ ಬಿಡಿ. ನಾನು ಆ ಸಬ್ಜೆಕ್ಟ್ ತಗೊಂಡಿದ್ದು ನಮ್ಮ ಅಕ್ಕನಿಗೋಸ್ಕರ.

ಅಕ್ಕ ಇರೋದು ಕುಣಿಗಲ್‌ನಲ್ಲಿ. ಭಾವನಿಗೆ ಮೂರು ವರ್ಷದ ಹಿಂದೆ ಸ್ಟ್ರೋಕ್ ಹೊಡೀತು. ಎಡಗಡೆ ಬಿದ್ದೋಯ್ತು. ಅವರನ್ನ ಎತ್ತಿ ಕೂರಿಸೋದ್ರಿಂದ ಹಿಡ್ದು ಬಾಯಿ ಒರೆಸೋವರೆಗೂ ಅಕ್ಕನೇ. ಒಂದು ವರ್ಷ ಕಳೆಯೋದ್ರಲ್ಲಿ ಅಕ್ಕ ಹೆಂಗಾದ್ಲು ಅಂದ್ರೆ, ಸಾರಿಗೆ ಒಗ್ಗರಣೆ ಹಾಕೋದೇ ನಿಲ್ಲಿಸಿಬಿಟ್ಲು. ಸಾಸಿವೆ ಸಿಡಿಯೋ ಸದ್ದಿಗೆ ಬೆಚ್ಚಿ ಬೀಳ್ತಿದ್ಲು. ಒಲೆ ಮುಂದೆ ಕಿವಿ ಮುಚ್ಕೊಂಡು ಕೂತಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ.

ಆಮೇಲೆ ತುಮಕೂರಿನ ಒಂದು ಟ್ರಸ್ಟ್‌ನೋರು ವಾರಕ್ಕೊಂದು ದಿನ ಸಮಾಲೋಚನೆ ಶುರು ಮಾಡಿದ್ರು. ಮಂಗಳವಾರ ಗುಬ್ಬೀಲಿ, ಗುರುವಾರ ಕುಣಿಗಲ್‌ನಲ್ಲಿ. ಒಬ್ಬರು ಮೇಡಂ ಬಂದು, ಒಂದು ಸಣ್ಣ ರೂಮಲ್ಲಿ ಕೂತು, ಒಬ್ಬೊಬ್ಬರ ಮಾತೂ ಕೇಳೋರು. ಅಷ್ಟೇ. ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ. ನಾಲ್ಕು ತಿಂಗಳು ಗುರುವಾರ ತಪ್ಪಿಸದೆ ಹೋದ ಅಕ್ಕ ಒಂದಿನ ನಂಗೆ ಊಟಕ್ಕಿಟ್ಟಾಗ ಸಾರಲ್ಲಿ ಸಾಸಿವೆ ತೇಲ್ತಾ ಇತ್ತು. ಎರಡು ಸಲ ಬಡಿಸ್ಕೊಂಡೆ.

ಹಿಂಗಿದ್ದಾಗ ಟ್ರಸ್ಟ್‌ನೋರಿಗೆ ಜನರ ಮನಸ್ಸಿನ ಒತ್ತಡ ಎಷ್ಟಿದೆ ಅಂತ ಅಳೀಬೇಕು ಅನ್ನಿಸ್ತು. ರೂಮಿಗೆ ಬರೋ ಹೆಂಗಸರ ಹತ್ರ ಒಂದು ಫಾರಂ ತುಂಬಿಸೋದು. ಹತ್ತು ಪ್ರಶ್ನೆ. ಹೋದ ತಿಂಗಳಲ್ಲಿ ಎಷ್ಟು ಸಲ ಅಳು ಬಂತು, ಎಷ್ಟು ಸಲ ಕೈಲಾಗಲ್ಲ ಅನ್ನಿಸ್ತು, ಇಂಥವು. ಯಾವತ್ತೂ ಇಲ್ಲ ಅಂದ್ರೆ ಸೊನ್ನೆ, ಯಾವಾಗ್ಲೂ ಅಂದ್ರೆ ನಾಲ್ಕು. ಎಲ್ಲಾ ಕೂಡಿದ್ರೆ ನಲವತ್ತಕ್ಕೆ ಇಷ್ಟು ಅಂತ ಬರುತ್ತೆ. ಓದ್ತಾ ಇರೋ ಹುಡುಗ ಇದಾನೆ ಅಂತ ಮೇಡಂ ನನ್ನ ಹೆಸರು ಹೇಳಿದ್ರು. ಹುಡುಗ ಅಂತೆ, ನಲವತ್ತು ದಾಟಿದೆ ನಂಗೆ! ಖುಷಿಯಾಗಿ ಒಪ್ಕೊಂಡೆ.

ಗುಬ್ಬೀಲಿ ಮೂವತ್ತು ಫಾರಂ, ಕುಣಿಗಲ್‌ನಲ್ಲಿ ಮೂವತ್ತು. ನಂಗೆ ಒಂದು ವಾರ ಬೆಳಗಿನ ಶಿಫ್ಟು, ಒಂದು ವಾರ ಮಧ್ಯಾಹ್ನದ ಶಿಫ್ಟು. ಮಧ್ಯಾಹ್ನದ ಶಿಫ್ಟ್ ಇದ್ದ ವಾರ ಬೆಳಿಗ್ಗೆ ಎದ್ದು ಗುಬ್ಬಿಗೆ ಹೋಗ್ತಿದ್ದೆ. ಅಲ್ಲಿ ಆ ಹೆಂಗಸರು ಕೊಬ್ಬರಿ ಶೆಡ್‌ನಲ್ಲಿ ಸಾಲಾಗಿ ಕೂತು ಚಿಪ್ಪು ಬಿಡಿಸ್ತಿರ್ತಾರೆ. ಕೈ ಅದರ ಪಾಡಿಗೆ ಅದು ಕೆಲಸ ಮಾಡ್ತಿರುತ್ತೆ, ಬಾಯಿ ಅದರ ಪಾಡಿಗೆ. ನಾನು ಪ್ರಶ್ನೆ ಓದೋ ಮುಂಚೇನೇ ಉತ್ತರ ಬರೋದು.

"ಬರ್ಕಳಪ್ಪ, ನಾಲ್ಕು ಅಂತ ಬರ್ಕೋ. ಐದಿದ್ರೆ ಐದ್ ಹಾಕು."

"ನಂದು ಬುಡು, ಇವ್ಳನ್ ಕೇಳು. ಇವ್ಳ ಗಂಡನ್ ನೋಡುದ್ರೆ ನೀನೇ ಅಳ್ತೀಯ."

ಬೆಳಗಿನ ಶಿಫ್ಟ್ ಇದ್ದ ವಾರ ಎರಡು ಗಂಟೆಗೆ ಫ್ಯಾಕ್ಟರಿ ಬಿಟ್ಟು, ತುಮಕೂರಿಗೆ ಬಂದು, ಬಸ್ ಹಿಡ್ದು ಕುಣಿಗಲ್ ಸೇರೋದ್ರಲ್ಲಿ ಸಂಜೆ ಆಗೋದು. ಮನೆ ಮನೆಗೆ ಹೋಗಿ ಬಾಗಿಲಲ್ಲಿ ನಿಂತು ಫಾರಂ ತುಂಬಿಸ್ಕೊಂಡೆ. ಅಲ್ಲಿಯೋರು ಬೇಗ ಬೇಗ ಹೇಳಿದ್ರು. ಸೊನ್ನೆ, ಒಂದು, ಸೊನ್ನೆ, ಸೊನ್ನೆ. ಕೆಲಸ ಹಗುರ ಆಯ್ತು ಅಂದ್ಕೊಂಡೆ. ಅಕ್ಕನ ಮನೇಲೂ ಹಂಗೇ ಬಾಗಿಲಲ್ಲೇ ನಿಂತು ಬರ್ಕೊಂಡು, ಕೊನೇ ಬಸ್ಸಿಗೆ ಓಡಿದೆ.

ಅರವತ್ತು ಫಾರಂನೂ ಟ್ರಸ್ಟ್ ಆಫೀಸಿನ ಸರ್ ಕೈಗೆ ಕೊಟ್ಟೆ. ಈ ಸರ್ ಲೆಕ್ಕ ನೋಡ್ಕೊಳೋರು, ರಿಪೋರ್ಟ್ ಬರೆಯೋರು, ಯಾವ ಸೆಂಟರ್ ಇರ್ಬೇಕು ಯಾವುದು ಬೇಡ ಅನ್ನೋರೂ ಅವರೇ. ಕಂಪ್ಯೂಟರ್‌ಗೆ ಹಾಕಿದ್ರು, ಒಂದು ಬಟನ್ ಒತ್ತಿದ್ರು. "ಸರಾಸರಿ ಇಪ್ಪತ್ತು ಕಣ್ರೀ. ಸಾಧಾರಣ ಒತ್ತಡ. ಎಲ್ಲಾ ಮನೇಲೂ ಇರೋದೇ. ಇನ್ಮೇಲೆ ಎರಡೂ ಸೆಂಟರ್ ಬೇಕಾಗಿಲ್ಲ ಅನ್ಸುತ್ತೆ" ಅಂದ್ರು.

ನಂಗೆ ಮೈಯೆಲ್ಲಾ ಉರೀತು. ಇಪ್ಪತ್ತು ಅಂಕ ತಗೊಂಡೋರು ಆ ಅರವತ್ತರಲ್ಲಿ ಒಬ್ಬರೂ ಇರ್ಲಿಲ್ಲ. ಒಬ್ರೂ! ನಾನೇ ಬರೆದ ಫಾರಂ, ನಂಗೆ ಗೊತ್ತಿಲ್ವಾ?

ನಮ್ಮ ಫ್ಯಾಕ್ಟರೀಲಿ ಒಂದ್ಸಲ ಎಲ್ಲರಿಗೂ ಸರಾಸರಿ ಅಳತೆಯ ಯೂನಿಫಾರಂ ಹೊಲಿಸಿದ್ರು. ನನ್ನ ಪಕ್ಕದ ಟೇಬಲ್‌ನೋನು ಆರಡಿ ಮೇಲಿದಾನೆ, ನಾನು ಐದಡಿ. ಅವನ ಮುಂಗೈ ಎಲ್ಲಾ ಆಚೆ, ನನ್ನ ಬೆರಳೆಲ್ಲಾ ಒಳಗೆ. ಇಡೀ ಸೆಕ್ಷನ್‌ನಲ್ಲಿ ಆ ಶರ್ಟು ಸರಿಯಾಗಿ ಕೂತಿದ್ದು ಹ್ಯಾಂಗರ್‌ಗೆ ಮಾತ್ರ. ಸರಾಸರಿ ಅಂದ್ರೆ ನಂಗೆ ಅದೇ ನೆನಪಾಗೋದು.

ಮನೆಗೆ ಬಂದು ಗ್ರಾಫ್ ಹಾಳೆ ತಗೊಂಡು, ಒಬ್ಬೊಬ್ಬರಿಗೆ ಒಂದೊಂದು ಚೌಕ ತುಂಬಿಸ್ತಾ ಹೋದೆ. ಪುಸ್ತಕದಲ್ಲಿ ಗಂಟೆ ಆಕಾರ ಅಂತ ಇರುತ್ತೆ. ಕಣದಲ್ಲಿ ರಾಗಿ ಸುರಿದ್ರೆ ನಡುವೆ ಎತ್ತರ ಆಗಿ ಎರಡು ಕಡೆ ಇಳಿಯುತ್ತಲ್ಲ, ಹಂಗೆ. ಹಂಗಿದ್ದಾಗ ಸರಾಸರಿ ಅನ್ನೋದು ರಾಶಿಯ ತಲೆ ಮೇಲೇ ಕೂರುತ್ತೆ, ಒಪ್ಕೊಳ್ಳಬಹುದು. ನಂದು ಎರಡು ರಾಶಿ ಆಯ್ತು. ಒಂದು ಏಳರ ಸುತ್ತ, ಒಂದು ಮೂವತ್ತಮೂರರ ಸುತ್ತ. ನಡುವೆ ಗಾಡಿ ಹೋಗೋಷ್ಟು ಖಾಲಿ ಜಾಗ. ಸರ್ ಹೇಳಿದ ಇಪ್ಪತ್ತು ಆ ಖಾಲಿ ಜಾಗದಲ್ಲಿ ಒಂಟಿಯಾಗಿ ನಿಂತಿತ್ತು.

ಮಾರನೇ ದಿನ ಹಾಳೆ ತಗೊಂಡೋಗಿ ಸರ್ ಮುಂದೆ ಹರಡಿದೆ. ಎದೆ ಉಬ್ಬಿಸ್ಕೊಂಡೇ ಹೋಗಿದ್ದೆ, ಸುಳ್ಳು ಯಾಕೆ ಹೇಳ್ಲಿ. "ಸರ್, ಎರಡು ರಾಶಿ ಬೆರೆಸಿ ಸರಾಸರಿ ತೆಗೀಬಾರ್ದು. ಬೇರೆ ಬೇರೆ ನೋಡ್ಬೇಕು" ಅಂದೆ.

ಸರ್ ಕನ್ನಡಕ ಏರಿಸಿ ನೋಡಿದ್ರು. ಈ ರಾಶಿ ಯಾರದು, ಆ ರಾಶಿ ಯಾರದು ಅಂತ ಕೇಳಿದ್ರು. ದೊಡ್ಡ ಪಂಡಿತನ ಥರ ನಾನೇ ಬೆರಳಿಟ್ಟು ತೋರಿಸ್ದೆ. ಇದು ಗುಬ್ಬಿ, ಇದು ಕುಣಿಗಲ್.

"ಭೇಷ್! ಹಂಗಾದ್ರೆ ಕುಣಿಗಲ್‌ನೋರಿಗೆ ಗುಣ ಆಗಿದೆ ಅಂತಾಯ್ತು. ಅಲ್ಲಿ ಕ್ಲೋಸ್ ಮಾಡಿ ಆ ದಿನಾನೂ ಗುಬ್ಬಿಗೇ ಹಾಕೋಣ. ಚೆನ್ನಾಗಿ ಓದಿದೀರ ಕಣ್ರೀ ನೀವು."

ಬಸ್ ಸ್ಟ್ಯಾಂಡ್‌ವರೆಗೂ ಹೆಂಗೆ ನಡ್ಕೊಂಡು ಬಂದೆ ಅಂತ ನೆನಪಿಲ್ಲ. ಅಕ್ಕನ ಗುರುವಾರವನ್ನ ನನ್ನ ಕೈಯಾರೆ ತೆಗೆದುಹಾಕಿದ್ದೆ, ಅದೂ ಹೊಗಳಿಸ್ಕೊಂಡು.

ಆ ಭಾನುವಾರ ಕುಣಿಗಲ್‌ಗೆ ಹೋಗಿ ಅಕ್ಕನಿಗೆ ಹೇಳ್ದೆ. ಭಾವನಿಗೆ ಗಂಜಿ ಕುಡಿಸ್ತಾ ಇದ್ದೋಳು ಚಮಚ ಅಲ್ಲೇ ಇಟ್ಲು.

"ನಾನು ಚೆನ್ನಾಗಿದೀನಿ ಅಂತ ಯಾವನ್ಲಾ ಹೇಳಿದ್ದು?"

"ನೀನೇ ಹೇಳಿದ್ದು ಅಕ್ಕ. ಫಾರಂನಲ್ಲಿ ಬರ್ದಿದೀನಿ. ಎಷ್ಟು ಸಲ ಅಳು ಬಂತು ಅಂದಿದ್ದಕ್ಕೆ ಸೊನ್ನೆ ಅಂದೆ. ಒಟ್ಟು ಐದು ಬಂದಿದೆ ನಿಂಗೆ, ನಲವತ್ತಕ್ಕೆ."

ಅಕ್ಕ ನನ್ನ ಮುಖಾನೇ ನೋಡಿದ್ಲು. "ನೀನು ಬಂದಿದ್ದು ಯಾವಾಗ್ಲಾ? ಮುಚ್ಚಂಜೇಲಿ. ಆಗ್ತಾನೆ ದೇವ್ರಿಗೆ ದೀಪ ಹಚ್ಚಿದ್ದೆ. ಹೊಸ್ತಿಲ ಮೇಲೆ ನಿಂತ್ಕೊಂಡು ದಿನಾ ಅಳ್ತೀಯಾ ಅಂತ ಕೇಳ್ತೀಯ. ಆ ಹೊತ್ತಲ್ಲಿ ಯಾವಳಾದ್ರೂ ಹೂಂ ಅಂತಾಳೇನ್ಲಾ? ಮೇಲಿರೋ ದೇವತೆಗಳು ತಥಾಸ್ತು ಅನ್ನಲ್ವಾ? ಅವ್ವ ನಿಂಗೆ ಇಷ್ಟೂ ಹೇಳ್ಕೊಡ್ಲಿಲ್ವಾ?"

ಹೇಳ್ಕೊಟ್ಟಿದ್ಲು. ದೀಪ ಹಚ್ಚೋ ಹೊತ್ತಲ್ಲಿ ಮನೇಲಿ ಅಕ್ಕಿ ಮುಗಿದಿದ್ರೂ ಮುಗೀತು ಅನ್ನಬಾರ್ದು, ತುಂಬಿದೆ ಅನ್ನಬೇಕು ಅಂತ ಬೆಳೆದೋನು ನಾನು. ಕುಣಿಗಲ್‌ನ ಮೂವತ್ತು ಮನೇಗೂ ನಾನು ಅದೇ ಹೊತ್ತಲ್ಲಿ ಹೋಗಿದ್ದೆ. ಅವರು ಫಾರಂಗೆ ಉತ್ತರ ಕೊಟ್ಟಿರ್ಲಿಲ್ಲ, ದೀಪಕ್ಕೆ ಉತ್ತರ ಕೊಟ್ಟಿದ್ರು. ನಂಗೆ ಬಂದ ಕೋಪಕ್ಕೆ ನನ್ನ ಕೆನ್ನೆಗೆ ನಾನೇ ಹೊಡ್ಕೊಳ್ಳೋ ಹಂಗಾಯ್ತು. ಸರ್‌ಗೆ ಬೈತಿದ್ನಲ್ಲ, ಅವರು ಬಟನ್ ಒತ್ತಿದ್ದು ಆಮೇಲೆ. ಮೊದಲು ಕೆಡಿಸಿದ್ದು ನಾನು.

ಮೂರು ದಿನ ರಜ ಹಾಕಿದೆ. ಬೆಳಿಗ್ಗೆ ಹತ್ತು ಗಂಟೆ ಮೇಲೆ, ಗಂಡಸರು ಆಚೆ ಹೋದ್ಮೇಲೆ, ಹಿತ್ತಲಲ್ಲಿ ಬಟ್ಟೆ ಒಗೀತಾ ಇದ್ದೋರ ಹತ್ರ ಹೋಗಿ ಅದೇ ಹತ್ತು ಪ್ರಶ್ನೆ ಕೇಳ್ದೆ. ಅಕ್ಕನಿಗೆ ಮೂವತ್ತಾರು ಬಂತು; ಒಗ್ಗರಣೆ ಹಾಕೋವಷ್ಟು ಧೈರ್ಯ ಬಂದಿತ್ತು ಅಷ್ಟೇ, ಅಳು ನಿಂತಿರ್ಲಿಲ್ಲ. ಹೋದ ಸಲ ನಾಲ್ಕು ಅಂಕ ಬಂದಿದ್ದ ಒಬ್ಬರು ಈ ಸಲ ಎರಡನೇ ಪ್ರಶ್ನೆಗೇ ಬಟ್ಟೆ ಕೈಲಿಟ್ಕೊಂಡು ಅತ್ತುಬಿಟ್ರು. ಎಲ್ಲರೂ ಹಂಗಿಲ್ಲ, ನಿಜ ಹೇಳ್ಬೇಕು. ಮೂರು ಜನ ಆಗ್ಲೂ ಕಮ್ಮಿ, ಈಗ್ಲೂ ಕಮ್ಮಿ. "ನಂಗೇನಪ್ಪ ಕಷ್ಟ, ಆ ರೂಮಿಗೆ ಹೋಗೋದೇ ಮೇಡಂ ಜೊತೆ ಹರಟೆ ಹೊಡೆಯಕ್ಕೆ" ಅಂತ ನಕ್ಕರು ಒಬ್ರು.

ಹೊಸ ಹಾಳೇಲಿ ಒಂದೇ ರಾಶಿ ಬಂತು. ಬಲಗಡೆ ದಪ್ಪ, ಎಡಗಡೆ ಈ ಮೂರು ಜನ ಬಾಲದ ಥರ. ಆ ಬಾಲ ಸರಾಸರೀನ ಕೆಳಗೆ ಎಳೀತಿತ್ತು. ಅದಕ್ಕೆ ಪುಸ್ತಕದಲ್ಲಿ ಮಧ್ಯಾಂಕ ಅಂತ ಇದೆ. ಸ್ಕೂಲಲ್ಲಿ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ ನಟ್ಟನಡುವೆ ನಿಂತೋರನ್ನ ಕರೆದಂಗೆ. ಮೂವತ್ತು ಜನ ಅಂದ್ರೆ ಹದಿನೈದನೇಯೋರು, ಹದಿನಾರನೇಯೋರು. ತೆಗೆದೆ. ಇಬ್ಬರಿಗೂ ಮೂವತ್ತೆರಡು.

ದೀಪದ ಹೊತ್ತಿನ ವಿಷಯ ಎಲ್ಲಾ ಹೇಳಿ ಮುಂದಿಟ್ರೂ ಸರ್ ಹಾಳೆ ಮುಟ್ಲೂ ಇಲ್ಲ. "ರಿಪೋರ್ಟ್ ಆಗ್ಲೇ ಕಳಿಸಾಯ್ತು. ಅಲ್ಲಾ ರೀ, ಒಂದೇ ಜನಕ್ಕೆ ಎರಡು ಸಲ ಕೇಳಿದ್ರೆ ಅದನ್ನ ಯಾರು ನಂಬ್ತಾರೆ? ಕ್ಲೋಸ್ ಆಗುತ್ತೆ ಅಂತ ಗೊತ್ತಾಗಿ ಜಾಸ್ತಿ ಹೇಳಿರ್ತಾರೆ. ನಿಮ್ಮಕ್ಕನೂ ಇದಾರಂತಲ್ಲ ಅದ್ರಲ್ಲಿ?"

"ಅಕ್ಕನ ಫಾರಂ ತೆಗೆದ್ಹಾಕಿ ಸರ್. ಅವಳೊಬ್ಬಳಿಗೇ ಗೊತ್ತಿದ್ದಿದ್ದು. ಮಿಕ್ಕ ಇಪ್ಪತ್ತೊಂಬತ್ತು ನೋಡಿ. ನಟ್ಟನಡುವಿನೋರು ಅಲ್ಲೇ ನಿಂತಿರ್ತಾರೆ."

"ದೀಪ ಹಚ್ಚೋ ಹೊತ್ತು ಅಂತ ರಿಪೋರ್ಟ್‌ನಲ್ಲಿ ಬರೆಯಕ್ಕಾಗುತ್ತೇನ್ರೀ?"

"ಯಾಕಾಗಲ್ಲ ಸರ್? ಮೂವತ್ತು ಜನ ಬಾಯಿ ಮುಚ್ಕೊಂಡಿದ್ದೇ ಅದಕ್ಕಲ್ವಾ? ಅದನ್ನ ಬರೀದೆ ಇನ್ನೇನು ಬರೀತೀರ?" ನನ್ನ ದನಿ ಎದ್ದಿತ್ತು. ಪಕ್ಕದ ಟೇಬಲ್‌ನೋರು ಟೈಪ್ ಮಾಡೋದು ನಿಲ್ಲಿಸಿ ನೋಡಿದ್ರು. ಹಾಳೆ ಅಲ್ಲೇ ಬಿಟ್ಟು, ಮೀಟಿಂಗ್‌ನಲ್ಲಿ ಇಡದೇ ಇದ್ರೆ ಇಲ್ಲೇ ಬಂದು ಕೂರ್ತೀನಿ ಅಂತ ಹೇಳಿ ಬಂದೆ.

ಇಟ್ಟರಂತೆ. ಮೇಡಂ ಕುಣಿಗಲ್‌ಗೆ ವಾರಾ ವಾರಾ ಹೋಗ್ಲೇಬೇಕು ಅಂತ ಜಗಳ ಆಡಿದ್ರಂತೆ. ಸರ್ ಬೇಡವೇ ಬೇಡ ಅಂದ್ರಂತೆ. ಕೊನೆಗೆ ಟ್ರಸ್ಟ್‌ನ ದೊಡ್ಡೋರು ಏನು ತೀರ್ಮಾನ ಮಾಡಿದ್ರು ಗೊತ್ತಾ? ಎರಡು ವಾರಕ್ಕೊಂದ್ಸಲ. ಅಲ್ಲೂ ಸರಾಸರಿ ತೆಗೆದ್ರು! ವಾರಾ ವಾರಾ ಬೇಕು ಅಂದೋರಿಗೂ ಅದಲ್ಲ, ಬೇಡ ಅಂದೋರಿಗೂ ಅದಲ್ಲ, ಯಾರೂ ಕೇಳದೇ ಇರೋದು.

ಸರ್ ಸಿಕ್ಕಾಗ, "ಏನ್ರೀ, ಸಮಾಧಾನ ಆಯ್ತಾ?" ಅಂದ್ರು. ಇಲ್ಲ ಅಂದೆ. ಈಗ್ಲೂ ಇಲ್ಲ.

ಈಗ ಅಕ್ಕನ ಮನೇಲಿ ಒಂದು ವಾರ ಸಾರಲ್ಲಿ ಸಾಸಿವೆ ಇರುತ್ತೆ, ಒಂದು ವಾರ ಇರಲ್ಲ. ತಟ್ಟೆ ಮುಂದೆ ಕೂತ ತಕ್ಷಣ ಇದು ಯಾವ ವಾರ ಅಂತ ಗೊತ್ತಾಗುತ್ತೆ ನಂಗೆ. ಹೋದ ಭಾನುವಾರ ಇರ್ಲಿಲ್ಲ. ಒಂದೇ ಸಲ ಬಡಿಸ್ಕೊಂಡೆ. ಸರಾಸರಿ ತೆಗೆದ್ರೆ ಅಕ್ಕ ವಾರಕ್ಕೆ ಅರ್ಧ ಒಗ್ಗರಣೆ ಹಾಕ್ತಾಳೆ ಅಂತ ಬರ್ಕೋಬಹುದು ಅವರು.

ನಿಮ್ಮೂರಿಗೂ ಯಾರಾದ್ರೂ ಫಾರಂ ಹಿಡ್ಕೊಂಡು ಬಂದಿದ್ರಾ? ಯಾವ ಹೊತ್ತಲ್ಲಿ ಬಂದ್ರು, ನೀವು ಏನಂದ್ರಿ, ಅವರು ಏನು ಬರ್ಕೊಂಡೋದ್ರು? ನಿಮ್ಮನ್ನೂ ಯಾರದೋ ಜೊತೆ ಕೂಡಿ ಭಾಗಿಸಿದ್ದಾರಾ? ಕೆಳಗೆ ಬರೀರಿ. ಒಬ್ಬೊಬ್ಬರದ್ದೂ ಬೇರೆ ಬೇರೆಯಾಗೇ ಓದ್ತೀನಿ, ನಿಧಾನಕ್ಕೆ.