ರೀಲ್ಸ್‌ನಲ್ಲಿ ಹಾಜರ್, ರಿಜಿಸ್ಟರಿನಲ್ಲಿ ಗೈರು

ಕೊರೋನಾ ಗದ್ದಲ ಮುಗಿದು ಎರಡು ವರ್ಷವಾಗಿತ್ತು. ಬನಶಂಕರಿ ಬಸ್ ನಿಲ್ದಾಣದ ಹತ್ತಿರ, ಕಬ್ಬಿಣದ ಬೀರು ಮಾರುವ ಅಂಗಡಿಯ ಮೇಲಿನ ಎರಡನೆಯ ಮಹಡಿಯಲ್ಲಿದ್ದ ಸ್ಪೋಕನ್ ಇಂಗ್ಲಿಷ್ ಕೇಂದ್ರವೊಂದರಲ್ಲಿ ಆಗ ನಾನು ಸೀನಿಯರ್ ಟ್ರೇನರ್. ಅಲ್ಲಿ ಇದ್ದದ್ದೇ ಇಬ್ಬರು ಟ್ರೇನರ್‌ಗಳು. ಇನ್ನೊಬ್ಬರು ನನಗಿಂತ ಒಂದು ವಾರ ತಡವಾಗಿ ಸೇರಿದ್ದರಿಂದ ಈ ಪದವಿ ನನಗೆ ದಕ್ಕಿತ್ತು. ವಾಸ ಜರಗನಹಳ್ಳಿಯ ಬಾಡಿಗೆ ಮನೆಯಲ್ಲಿ, ಉಚ್ಚಾರಣೆ ಮಾತ್ರ ಲಂಡನ್ನಿನದು. ಅದೂ ಕ್ರಿಕೆಟ್ ಕಾಮೆಂಟರಿಯಿಂದ ಕದ್ದದ್ದು. ಪಾಠಕ್ಕೆ ನನ್ನ ಬಂಡವಾಳವೆಂದರೆ ಮಿಮಿಕ್ರಿ. ಬಸ್ ಕಂಡಕ್ಟರ್, ಕಸ್ಟಮರ್ ಕೇರ್ ಹುಡುಗಿ, ನಮ್ಮ ಡೈರೆಕ್ಟರ್, ಯಾರ ದನಿಯನ್ನಾದರೂ ತೆಗೆಯುತ್ತಿದ್ದೆ. ವಿದ್ಯಾರ್ಥಿಗಳು ನಕ್ಕರೆ ಸಾಕು, ಕಲಿತರು ಎಂದೇ ನನ್ನ ಲೆಕ್ಕ.

ಸಂಜೆ ಐದೂವರೆಯ ಬ್ಯಾಚಿನಲ್ಲಿ ಒಟ್ಟು ನಲವತ್ತು ತರಗತಿಗಳು. ಪ್ರತಿ ತರಗತಿಯ ಕೊನೆಗೆ ಆ ದಿನದ ಒಂದು ಪದವನ್ನು ಹಿಡಿದು ಒಂದು ನಿಮಿಷ ಮಿಮಿಕ್ರಿ ಮಾಡುತ್ತಿದ್ದೆ. ರಿಸೆಪ್ಷನ್ನಿನ ಹುಡುಗಿ ಅದನ್ನು ಮೊಬೈಲಿನಲ್ಲಿ ಹಿಡಿದು, ಅಂದೇ ಕೇಂದ್ರದ ಜಾಹೀರಾತಿಗೆಂದು ರೀಲ್ಸ್ ಹಾಕುತ್ತಿದ್ದಳು. ಮುಂದಿನ ಬೆಂಚಿನವರೆಲ್ಲ ಅದರಲ್ಲಿ ಕಾಣುತ್ತಿದ್ದರು.

ಆ ಮುಂದಿನ ಬೆಂಚಿನಲ್ಲಿ ಚಿಕ್ಕಲಸಂದ್ರದ ಮಂಗಳಮ್ಮ ಕೂರುತ್ತಿದ್ದರು. ನಲವತ್ತರ ಆಸುಪಾಸಿನವರು. ಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಹನ್ನೊಂದು ವರ್ಷದಿಂದ ಆಯಾ. ನೆಲ, ಶೌಚಾಲಯ, ಬೆಡ್‌ಪ್ಯಾನ್ ತೊಳೆದು ತೊಳೆದು ಅವರ ಅಂಗೈಯ ಚರ್ಮ ಬಿರಿದು ಸುಲಿಯುತ್ತಿತ್ತು. ಇನ್ನು ಫಿನಾಯಿಲ್, ಬ್ಲೀಚಿಂಗ್ ಪೌಡರ್ ಮುಟ್ಟಲೇಬಾರದು ಎಂದು ಅಲ್ಲಿನ ಡಾಕ್ಟರೇ ಹೇಳಿದ್ದರು. ಅದೇ ಹೊತ್ತಿಗೆ ಫ್ರಂಟ್ ಆಫೀಸಿನಲ್ಲಿ, ಅಂದರೆ ರೋಗಿಗಳ ಹೆಸರು ಬರೆದುಕೊಳ್ಳುವ ಕೌಂಟರಿನಲ್ಲಿ, ಒಂದು ಜಾಗ ಖಾಲಿಯಾಯಿತು. ಸ್ಪೋಕನ್ ಇಂಗ್ಲಿಷ್ ಸರ್ಟಿಫಿಕೇಟ್ ತಂದರೆ ನಿಮಗೇ ಕೊಡುತ್ತೇವೆ ಎಂದರಂತೆ. ಸಂಜೆ ನಾಲ್ಕಕ್ಕೆ ಡ್ಯೂಟಿ ಮುಗಿಸಿ, ಎರಡು ಬಸ್ ಬದಲಾಯಿಸಿ ಅವರು ನಮ್ಮಲ್ಲಿಗೆ ಬರುತ್ತಿದ್ದದ್ದು ಅದಕ್ಕಾಗಿ.

ಕೇಂದ್ರದ ಬಾಗಿಲಲ್ಲಿ ಬಯೊಮೆಟ್ರಿಕ್ ಯಂತ್ರವಿತ್ತು. ಹೆಬ್ಬೆರಳು ಒತ್ತಿದರೆ ಗೆರೆ ಗುರುತಿಸಿ ಹಾಜರಿ ಹಾಕಿಕೊಳ್ಳುತ್ತದೆ. ಸೇರಿದ ದಿನ ಮಂಗಳಮ್ಮನವರ ಬೆರಳನ್ನು ಹೇಗೋ ಗುರುತಿಸಿದ ಆ ಯಂತ್ರ, ಎರಡು ವಾರ ಕಳೆಯುವುದರೊಳಗೆ ಹಟ ಹಿಡಿಯಿತು. ಒತ್ತಿದಾಗಲೆಲ್ಲ ಅದರೊಳಗಿನ ಹೆಂಗಸು ಮೂಗಿನಲ್ಲಿ ಹಾಡುತ್ತಿದ್ದಳು: “ಪ್ಲೀಸ್ ಟ್ರೈ ಅಗೇನ್.”

ಮಿಮಿಕ್ರಿಯವನಿಗೆ ಇದಕ್ಕಿಂತ ಬೇಕೆ? ಅವರು ಬಾಗಿಲಲ್ಲಿ ಸೆರಗಿಗೆ ಬೆರಳು ಒರೆಸಿಕೊಳ್ಳುತ್ತಿದ್ದರೆ ನಾನು ಒಳಗಿಂದ, “ಪ್ಲೀಸ್ ಟ್ರೈ ಅಗೇನ್, ಮಂಗಳಮ್ಮಾ!” ಎನ್ನುತ್ತಿದ್ದೆ. ಇಡೀ ತರಗತಿ ನಗುತ್ತಿತ್ತು. ಅವರೂ ನಗುತ್ತಿದ್ದರು. ಐದಾರು ಸಲ ಒತ್ತಿದ ಮೇಲೆ ರಿಸೆಪ್ಷನ್ ಹುಡುಗಿ, “ಬಿಡಿ ಆಂಟಿ, ಒಳಗೆ ಹೋಗಿ, ಕ್ಲಾಸ್ ಶುರುವಾಯ್ತು” ಎಂದು ಕಳಿಸುತ್ತಿದ್ದಳು. ಅವರ ಹಾಜರಿಯನ್ನು ಬೇರೆ ಯಾರೋ ಎಲ್ಲೋ ಬರೆದುಕೊಳ್ಳುತ್ತಿದ್ದಾರೆ ಎಂದು ಅವಳು ನಂಬಿದ್ದಳು, ನಾನೂ ನಂಬಿದ್ದೆ. ಯಾರೂ ಬರೆದುಕೊಳ್ಳುತ್ತಿರಲಿಲ್ಲ.

ಮೂವತ್ತೊಂಬತ್ತನೆಯ ತರಗತಿ ಗುರುವಾರ ಬಂತು. ಹೇಗೆ ಮಾಡಿದರೂ ಸೋಲುವ ಸ್ಥಿತಿಗೆ, ಒಳಗೆ ಅಡಗಿದ ತೊಡಕಿಗೆ ಇಂಗ್ಲಿಷಿನಲ್ಲಿ ಏನೇನು ಪದಗಳಿವೆ ಎಂಬುದು ಅಂದಿನ ಪಾಠ. ಸ್ನ್ಯಾಗ್ ಎಂದರೆ ಸಲೀಸಾಗಿ ಸಾಗುವ ಕೆಲಸಕ್ಕೆ ಅಡ್ಡ ಬರುವ ಸಣ್ಣ ಕೊಕ್ಕೆ. ಕ್ಯಾಚ್ ಎಂದರೆ ಒಳ್ಳೆಯ ಮಾತಿನ ಹಿಂದೆ ಬಚ್ಚಿಟ್ಟ ಷರತ್ತು. ಡೆಡ್‌ಲಾಕ್ ಎಂದರೆ ಇಬ್ಬರೂ ಜಗ್ಗದೆ ನಿಂತ ಸ್ಥಿತಿ. ಡಬಲ್ ಬೈಂಡ್ ಎಂದರೆ ಈ ಕಡೆ ಹೋದರೂ ಪೆಟ್ಟು, ಆ ಕಡೆ ಹೋದರೂ ಪೆಟ್ಟು. ಅತ್ತೆ ಸೊಸೆಯರ ನಡುವೆ ಸಿಕ್ಕಿದ ಗಂಡನ ಮಿಮಿಕ್ರಿ ಮಾಡಿ ಚಪ್ಪಾಳೆ ಗಿಟ್ಟಿಸಿದೆ. ಒಂದೊಂದು ಪದಕ್ಕೆ ನಿಮ್ಮ ಜೀವನದಿಂದಲೇ ಉದಾಹರಣೆ ಬರೆದು ತನ್ನಿ ಎಂದು ಹೋಂವರ್ಕ್ ಕೊಟ್ಟೆ.

ಮರುದಿನ ಕೊನೆಯ ತರಗತಿ. ಅದು ಶುರುವಾಗುವ ಮುಂಚೆ ಹಾಳೆಗಳನ್ನು ತಿರುವುತ್ತಿದ್ದೆ. ಬಹುತೇಕರು ಸಿಲ್ಕ್ ಬೋರ್ಡ್ ಟ್ರಾಫಿಕ್ ಬಗ್ಗೆ ಬರೆದಿದ್ದರು. ಮಂಗಳಮ್ಮ ಕನ್ನಡದಲ್ಲಿ ಹೀಗೆ ಬರೆದಿದ್ದರು:

“ಫಿನಾಯಿಲ್‌ನಿಂದ ನನ್ನ ಬೆರಳಿನ ಗೆರೆ ಹೋಗಿದೆ. ಗೆರೆ ಇಲ್ಲ ಅಂತ ಮಿಷಿನ್ ತಗೊಳ್ಳಲ್ಲ. ಮಿಷಿನ್ ತಗೊಳ್ಳದೆ ನನಗೆ ಒಂಬತ್ತೇ ಹಾಜರಿ. ಮೂವತ್ತೆರಡು ಇಲ್ಲದಿದ್ದರೆ ಸರ್ಟಿಫಿಕೇಟ್ ಇಲ್ಲ. ಸರ್ಟಿಫಿಕೇಟ್ ಇಲ್ಲದಿದ್ದರೆ ಕೌಂಟರ್ ಕೆಲಸ ಇಲ್ಲ. ಕೌಂಟರ್ ಕೆಲಸ ಸಿಗದಿದ್ದರೆ ಫಿನಾಯಿಲ್ ಬಿಡೋ ಹಂಗಿಲ್ಲ. ಸಾರ್, ಇದು ಡೆಡ್‌ಲಾಕಾ, ಡಬಲ್ ಬೈಂಡಾ?”

ಹಾಳೆ ಹಿಡಿದುಕೊಂಡೇ ಎದ್ದೆ. ಅವರನ್ನು ಕಾರಿಡಾರಿಗೆ ಕರೆದು ಕೇಳಿದೆ, “ಯಾಕೆ ಮೊದಲೇ ಹೇಳಲಿಲ್ಲ?”

“ಹೋದ ವಾರನೇ ಹಾಜರಿ ಲಿಸ್ಟ್ ನೋಡಿ ಡೈರೆಕ್ಟರ್ ಸಾರ್‌ಗೆ ಹೇಳ್ದೆ ಸಾರ್. ಕೆಲಸದಿಂದ ಬೆರಳು ಸವೆದಿದೆ ಅಂತ ನಿಮ್ಮ ನರ್ಸಿಂಗ್ ಹೋಮ್ ಇಂದ ಲೆಟರ್ ತನ್ನಿ ಅಂದ್ರು. ಅಲ್ಲಿ ಎಚ್‌ಆರ್ ಮೇಡಂ, ‘ಹಂಗೆ ಬರ್ಕೊಟ್ರೆ ತಪ್ಪು ನಮ್ದು ಅಂತ ಒಪ್ಕೊಂಡಂಗೆ. ನಿಮಗೆ ಲೆಟರ್ ಬೇಕಾ, ಫ್ರಂಟ್ ಆಫೀಸ್ ಬೇಕಾ?’ ಅಂತ ಕೇಳಿದ್ರು. ಅಲ್ಲಿ ಸರ್ಟಿಫಿಕೇಟ್ ಕೊಡೋಕೆ ನಾಳೆ ಶನಿವಾರ ಲಾಸ್ಟ್ ಡೇಟು.”

“ನನಗೆ ಹೇಳಬಹುದಿತ್ತಲ್ಲ?”

“ನೀವು ನಗ್ತಿದ್ರಲ್ಲ ಸಾರ್. ನಿಮಗೆ ಗೊತ್ತೇ ಇದೆ ಅಂದ್ಕೊಂಡೆ.”

ಅವರನ್ನು ಕರೆದುಕೊಂಡು ನೇರವಾಗಿ ಡೈರೆಕ್ಟರ್ ಕೋಣೆಗೆ ನುಗ್ಗಿದೆ. ಬೆನ್ನ ಹಿಂದೆ ಡೈರೆಕ್ಟರ್ ದನಿಯನ್ನು ಅವರಿಗಿಂತ ಚೆನ್ನಾಗಿ ತೆಗೆಯುತ್ತಿದ್ದ ನನಗೆ ಅವರೆದುರು ನನ್ನ ದನಿಯೇ ಸರಿಯಾಗಿ ಹೊರಡಲಿಲ್ಲ. ಆದರೂ ಹೇಳಿದೆ, “ಸಾರ್, ಇವ್ರು ಮೂರೇ ದಿನ ತಪ್ಪಿಸಿರೋದು. ನಾನೇ ನೋಡಿದೀನಿ. ಸೈನ್ ಹಾಕ್ಕೊಡ್ತೀನಿ.”

“ನೋಡಪ್ಪ, ಸಿಸ್ಟಮ್‌ನಲ್ಲಿ ಒಂಬತ್ತು ಇದೆ. ನೀನು ಟ್ರೇನರ್ರು, ಸಿಸ್ಟಮ್ ಅಲ್ಲ.”

“ಮಿಷಿನ್ ತಪ್ಪು ಸಾರ್.”

“ಮಿಷಿನ್‌ಗೆ ಪಕ್ಷಪಾತ ಇರುತ್ತೇನಯ್ಯಾ? ಮೇಡಂ, ನೀವು ಮುಂದಿನ ಬ್ಯಾಚ್‌ಗೆ ಸೇರ್ಕೊಳ್ಳಿ. ಕೈಗೆ ಕ್ರೀಮ್ ಹಚ್ಚಿ.”

ಕ್ರೀಮ್ ಹಚ್ಚಿ! ಹನ್ನೊಂದು ವರ್ಷ ಊರಿನವರ ಹೊಲಸು ತೊಳೆದ ಕೈಗೆ ಆ ಮನುಷ್ಯ ಕೊಟ್ಟ ಪರಿಹಾರ ಇದು. ಇಂದಿಗೂ ನೆನೆದರೆ ಮೈ ಉರಿಯುತ್ತದೆ. ಅಲ್ಲಿ ದುಡಿಸಿಕೊಂಡವರು ಗೆರೆ ಅಳಿಸಿದರು, ಇಲ್ಲಿ ಕಲಿಸುವವರು ಗೆರೆ ಎಲ್ಲಿ ಎಂದು ಕೇಳಿದರು, ನಡುವೆ ನಾನೊಬ್ಬ ಕೋಡಂಗಿ ಅದಕ್ಕೆ ಹಿನ್ನೆಲೆ ದನಿ ಕೊಟ್ಟೆ.

ಆ ಸಿಟ್ಟಿನಲ್ಲೇ ರೀಲ್ಸ್ ನೆನಪಾಯಿತು. ಮೊಬೈಲ್ ತೆಗೆದು ಮೇಜಿನ ಮೇಲಿಟ್ಟೆ. ನಮ್ಮ ಬ್ಯಾಚಿನ ಮೂವತ್ತೊಂಬತ್ತು ರೀಲ್ಸ್, ಒಂದೊಂದರ ಕೆಳಗೂ ತಾರೀಖು. ಒಂದೊಂದನ್ನೇ ತೆರೆಯುತ್ತ ಹೋದೆ. ಮೂವತ್ತಾರರಲ್ಲಿ ನನ್ನ ಮಂಗಾಟದ ಎದುರಿಗೇ ಮಂಗಳಮ್ಮ ಕೂತಿದ್ದರು, ನೋಟ್‌ಬುಕ್ ತೆರೆದುಕೊಂಡು.

ಡೈರೆಕ್ಟರ್ ಮೊಬೈಲನ್ನು ಹಿಂದಕ್ಕೆ ತಳ್ಳಿದರು. “ಅದು ಪಬ್ಲಿಸಿಟಿಗೆ. ರೆಕಾರ್ಡ್ ಅಲ್ಲ.”

ಆಗ ಮಂಗಳಮ್ಮ ಮೇಜಿನ ಹತ್ತಿರ ಬಂದರು. ನಿಧಾನವಾಗಿ, ಒಂದೊಂದೇ ಪದ ಇಡುತ್ತ ಇಂಗ್ಲಿಷಿನಲ್ಲಿ ಹೇಳಿದರು. “ಸಾರ್, ಇನ್ ಯುವರ್ ಅಡ್ವರ್ಟೈಸ್‌ಮೆಂಟ್ ಐ ಆ್ಯಮ್ ಪ್ರೆಸೆಂಟ್. ಇನ್ ಯುವರ್ ಆಫೀಸ್ ಐ ಆ್ಯಮ್ ಆಬ್ಸೆಂಟ್. ವಿಚ್ ಒನ್ ಈಸ್ ಲೈ?”

‘ಲೈ’ಗೆ ಮುಂಚೆ ‘ದಿ’ ಎಂಬ ಒಂದು ಪದ ಬಿಟ್ಟುಹೋಗಿತ್ತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನಾನು ವಿದ್ಯಾರ್ಥಿಯ ತಪ್ಪನ್ನು ತಿದ್ದಲಿಲ್ಲ. ಡೈರೆಕ್ಟರ್ ನನ್ನನ್ನು ನೋಡಿದರು, ಮೊಬೈಲನ್ನು ನೋಡಿದರು. ಆ ರೀಲ್ಸ್ ಸುಳ್ಳೆಂದರೆ ಮುಂದಿನ ಬ್ಯಾಚಿಗೆ ಯಾರು ಸೇರುತ್ತಾರೆ? ಈಗ ಸಿಕ್ಕಿಬಿದ್ದದ್ದು ಅವರು. ಡ್ರಾಯರಿನಿಂದ ಸರ್ಟಿಫಿಕೇಟ್ ತೆಗೆದು, ಹೆಸರು ಬರೆದು, ಸೀಲ್ ಒತ್ತಿದರು.

ಇಷ್ಟಾದರೂ ಮನುಷ್ಯನಿಗೆ ನಾಚಿಕೆಯಾಗಲಿಲ್ಲ. ಕೊಡುತ್ತಲೇ ಹಲ್ಲು ಕಿರಿದು ಕೇಳಿದರು, “ಮೇಡಂ, ಸಖತ್ತಾಗಿ ಮಾತಾಡಿದ್ರಿ. ನಮ್ಮ ಕೇಂದ್ರದಿಂದಾನೇ ಕಲಿತೆ ಅಂತ ಒಂದು ರೀಲ್ಸ್ ಮಾಡ್ಕೊಡ್ತೀರಾ?”

ಮಂಗಳಮ್ಮ ಸರ್ಟಿಫಿಕೇಟನ್ನು ಬ್ಯಾಗಿಗೆ ಸೇರಿಸಿ, ಜಿಪ್ ಎಳೆದು, ಬಾಗಿಲ ತನಕ ಹೋಗಿ ತಿರುಗಿದರು. ಯಂತ್ರದೊಳಗಿನ ಆ ಹೆಂಗಸಿನ ದನಿಯನ್ನೇ, ಮೂಗಿನ ರಾಗದ ಸಮೇತ, ನನಗಿಂತ ಚೆನ್ನಾಗಿ ತೆಗೆದರು. “ಪ್ಲೀಸ್ ಟ್ರೈ ಅಗೇನ್.”

ಕೌಂಟರ್ ಕೆಲಸ ಅವರಿಗೆ ಸಿಕ್ಕಿತು. ಆ ಕೇಂದ್ರ ನನ್ನನ್ನು ಎರಡು ತಿಂಗಳಲ್ಲಿ ಕೆಲಸ ಬಿಡಿಸಿ ಕಳಿಸಿತು. ಸಿಸ್ಟಮ್‌ನಲ್ಲಿ ನನ್ನ ಹಾಜರಿಯೂ ಕಡಿಮೆ ಬಿದ್ದಿತ್ತಂತೆ. ಈಗ ಜೆ.ಪಿ. ನಗರದ ಇನ್ನೊಂದು ಕೇಂದ್ರದಲ್ಲಿ ಕಲಿಸುತ್ತೇನೆ. ಮಿಮಿಕ್ರಿ ಬಿಟ್ಟಿಲ್ಲ, ಆದರೆ ಮೊದಲು ಕಾಗದದ ರಿಜಿಸ್ಟರಿನಲ್ಲಿ ನಾನೇ ಹೆಸರು ಕೂಗಿ ಹಾಜರಿ ಬರೆಯುತ್ತೇನೆ. ಆ ಪದಗಳ ಪಾಠ ಬಂದಾಗ ಹೋಂವರ್ಕಿನಲ್ಲಿ ಒಂದು ಪ್ರಶ್ನೆ ಹೆಚ್ಚಿಗೆ ಕೊಡುತ್ತೇನೆ. ಇಂಥ ಬಲೆಗಳು ತಾವಾಗಿ ಹುಟ್ಟುವುದಿಲ್ಲ, ಯಾರೋ ಹೆಣೆಯುತ್ತಾರೆ, ಇನ್ಯಾರೋ ನೋಡಿ ನಗುತ್ತಾರೆ ಎಂಬುದನ್ನು ಈ ಕೆಲಸ ನನಗೆ ಕಲಿಸಿದೆ. ಅದಕ್ಕೇ ಪ್ರತಿ ಉದಾಹರಣೆಯ ಮುಂದೆ ಅದಕ್ಕೆ ಕಾರಣರಾದವರ ಹೆಸರು ಬರೆಯಿರಿ ಎನ್ನುತ್ತೇನೆ. ಬೋರ್ಡಿನ ಮೇಲೆ ಮೊದಲ ಉದಾಹರಣೆ ಮಂಗಳಮ್ಮನವರದು. ಅದರ ಮುಂದೆ ಬರೆಯುವ ಹೆಸರುಗಳಲ್ಲಿ ನನ್ನದೂ ಒಂದು.