ಊದುವ ಗೊಂಬೆ

ಚಿಂತೆ ಮಾಡಲು ನನಗೆ ಕಾರಣ ಬೇಕಿಲ್ಲ. ಬಾಗಿಲಿಗೆ ಕೀಲಿ ಹಾಕಿದೆನೋ ಇಲ್ಲವೋ ಎಂದು ನವಲಗುಂದದ ಬಸ್ಸಿನಿಂದ ಅರ್ಧ ದಾರಿಯಲ್ಲಿ ಇಳಿದು ವಾಪಸು ಬಂದವನು ನಾನು. ಕೀಲಿ ಪ್ರತಿಸಲವೂ ಭದ್ರವಾಗಿಯೇ ಇರುತ್ತದೆ. ಆದರೆ ನಿಜವಾಗಿ ಚಿಂತಿಸಬೇಕಾಗಿದ್ದ ಒಂದು ದಿನ ಮಾತ್ರ ಹಾಯಾಗಿದ್ದೆ. ಜನ ನಗುತ್ತಿದ್ದರಲ್ಲ!

ರೈತರಿಗೆ ಪಾಠ ಹೇಳುವ ಅನಿಮೇಷನ್ ಮಾಡುವುದು ನನ್ನ ಉದ್ಯೋಗ. ಆ ಸಲದ ವಿಷಯ, ಎಣ್ಣೆ ಹೊಡೆಯುವ ಪಂಪಿನ ಮೂತಿ ಕಟ್ಟಿಕೊಂಡರೆ ಏನು ಮಾಡಬೇಕು ಎಂಬುದು. ಎಣ್ಣೆ ಎಂದರೆ ನಮ್ಮ ಕಡೆ ಕ್ರಿಮಿನಾಶಕ. ಬಾಯಿಂದ ಊದಬಾರದು, ಕೈಗವಸು ಹಾಕಿಕೊಂಡು ನೀರಲ್ಲಿ ತೊಳೆದು ಬ್ರಷ್ಷಿನಿಂದ ಉಜ್ಜಬೇಕು. ಇಷ್ಟೇ. ಇಷ್ಟಕ್ಕೇ ಬಿಟ್ಟರೆ ನನ್ನ ಕಲೆಯ ಗತಿ? ಒಂದು ಡೊಳ್ಳುಹೊಟ್ಟೆಯ ಗೊಂಬೆ ಮಾಡಿದೆ. ಅದು ಮೂತಿಯನ್ನು ಬಾಯಿಗಿಟ್ಟು ಊದುತ್ತದೆ, ಗಲ್ಲಗಳು ಉಬ್ಬುತ್ತವೆ, ಪುರ್ರ್ ಎಂದು ಕಸ ಹಾರುತ್ತದೆ, ಕಣ್ಣು ಗರಗರ ತಿರುಗಿ ಗೊಂಬೆ ಧೊಪ್ಪೆಂದು ಬೀಳುತ್ತದೆ. ಇದಕ್ಕೆ ಪೂರಾ ಒಂದು ನಿಮಿಷ. ಸರಿಯಾದ ವಿಧಾನಕ್ಕೆ ಹತ್ತು ಸೆಕೆಂಡು.

ನೋಡುವವರ ಕಣ್ಣು ಕುಣಿಯುವ ವಸ್ತುವಿನ ಹಿಂದೆಯೇ ಹೋಗುತ್ತದೆ, ಮನಸ್ಸಿನಲ್ಲಿ ಜಾಗ ಕಡಿಮೆ, ನಗು ತುಂಬಿದ ಮೇಲೆ ಪಾಠಕ್ಕೆ ನಿಲ್ಲಲೂ ಸ್ಥಳವಿರುವುದಿಲ್ಲ. ಇದನ್ನೆಲ್ಲ ತರಬೇತಿಗಳಲ್ಲಿ ಊರೂರಿಗೆ ಹೇಳಿ ಚಪ್ಪಾಳೆ ಗಿಟ್ಟಿಸಿದವನೂ ನಾನೇ.

ನಮ್ಮೂರು ತಿರ್ಲಾಪುರದ ಸಮುದಾಯ ಭವನದಲ್ಲಿ ಮೊದಲ ಪ್ರದರ್ಶನ. ಜನ ಬಿದ್ದು ಬಿದ್ದು ನಕ್ಕರು. "ಅಂವ ಊದೋದು ಇನ್ನೊಮ್ಮೆ ಹಾಕ್ರಿ!" ಎಂದರು. ಊದುವುದನ್ನಷ್ಟೇ ಮೂರು ಸಲ ಹಾಕಿದೆ. ನಮ್ಮ ಆಫೀಸಿನ ಸಾಹೇಬರು 'ಅಭೂತಪೂರ್ವ ಪ್ರತಿಕ್ರಿಯೆ' ಎಂದು ವರದಿ ಬರೆದರು. ಏನು ಕಲಿತಿರಿ ಎಂದು ಯಾರೂ ಯಾರನ್ನೂ ಕೇಳಲಿಲ್ಲ.

ಹದಿನೈದು ದಿನಕ್ಕೆ ಚಿಗವ್ವನ ಫೋನು: "ನಿಮ್ಮ ಕಾಕಾನ್ನ ದವಾಖಾನಿಗೆ ಹಾಕೇವಿ. ಹತ್ತಿಗೆ ಎಣ್ಣಿ ಹೊಡ್ಯಾಕ ಹೋಗಿದ್ರು."

ರುದ್ರಪ್ಪ ಕಾಕಾ, ನನ್ನ ತಂದೆಯ ತಮ್ಮ, ಜೀವನವಿಡೀ ಪಂಪಿನ ಮೂತಿಯನ್ನು ಹುಲ್ಲುಕಡ್ಡಿಯಿಂದ ಚುಚ್ಚಿ ಬಿಡಿಸಿದವನು. ಅವತ್ತು ಬಾಯಿಗಿಟ್ಟು ಊದಿದ್ದ. ಮೂರನೆಯ ದಿನ ಮಾತು ಬಂತು.

"ಹಿಂಗ್ಯಾಕ ಮಾಡಿದಿ ಕಾಕಾ?"

"ನಿನ್ನ ಪಿಚ್ಚರದಾಗ ನೋಡಿದ್ನಲ್ಲಲೇ. ಊದಿದ ಕೂಡ್ಲೇ ಕಸ ಹಾರಿತು."

"ಊದಿದಾಂವ ಬಿದ್ದನಲ್ಲ!"

"ಅದು ನಗಸಾಕ ಹಾಕೀ ಅಂತ ತಿಳ್ಕೊಂಡೆ."

ಬಾಜು ಕುಳಿತಿದ್ದ ಚಿಗವ್ವ ಸೆರಗಿನಿಂದ ಮೂಗು ಒರೆಸಿಕೊಂಡು, "ಮನಿ ಮಂದೀನ ಸಿಕ್ಕರೇನಪಾ ನಿನಗ?" ಎಂದಳು.

ಕಾಕಾ ಉಳಿದ. ಕೈನಡುಕವೂ ಉಳಿಯಿತು.

ಹೊಸ ಚಿತ್ರ ಮಾಡಿದೆ. ಎರಡು ಕೈ, ಒಂದು ಮೂತಿ, ಒಂದು ಬಕೆಟ್ ನೀರು. ಒಂದೊಂದು ಹಂತಕ್ಕೂ ನಿಲ್ಲುತ್ತದೆ. ನೋಡುವವನು ಒತ್ತಿದರೆ ಮಾತ್ರ ಮುಂದೆ. ಸಾಹೇಬರು ಆಕಳಿಸಿ, "ಅಗದಿ ಸಪ್ಪಗ ಆತ್ರಿ. ಆ ಡೊಳ್ಳುಹೊಟ್ಟಿಯಾಂವ ಎಲ್ಲಿ?" ಎಂದರು. ಹೊಸದು ಕಪಾಟು ಸೇರಿತು. ಹಳೆಯದು ಆಗಲೇ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿತ್ತು. ಹಳೆಯದನ್ನು ಅಳಿಸಿರಿ ಎಂದು ನಾನು ಕಳಿಸಿದ ಸಂದೇಶವನ್ನು ಯಾರೂ ಮುಂದೆ ಕಳಿಸಲಿಲ್ಲ. ಗೊಂಬೆಯನ್ನು ಕಳಿಸುತ್ತಲೇ ಇದ್ದಾರೆ. ಮೊನ್ನೆ ಅಣ್ಣಿಗೇರಿಯ ಮದುವೆಯ ಪಂಕ್ತಿಯಲ್ಲಿ ಅಪರಿಚಿತರೊಬ್ಬರು ಮೊಬೈಲ್ ಚಾಚಿ, "ನೋಡ್ರಿ, ಭಾರೀ ಮಜಾ ಐತಿ" ಎಂದು ನನಗೇ ತೋರಿಸಿದರು. ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಸಾಹೇಬರನ್ನು ಬಿಟ್ಟರೆ ಹೊಸದನ್ನು ನೋಡಿದವನು ಕಾಕಾ ಒಬ್ಬನೇ. ನೋಡಿ ಮುಗಿದ ಮೇಲೆ ಮೊಬೈಲ್ ಕಿಸೆಗೆ ಹಾಕಿ, ಬಳಸದ ಹೊಸ ಮೂತಿಯೊಂದನ್ನು ಕೊಟ್ಟು, "ಮಾಡಿ ತೋರಸು" ಎಂದೆ. ನಡುಗುವ ಕೈಯಲ್ಲೇ ಕೈಗವಸು ಹಾಕಿಕೊಂಡ, ತೊಳೆದ, ಉಜ್ಜಿದ. ಒಂದೂ ತಪ್ಪಲಿಲ್ಲ. ನನ್ನ ಮುಖ ಅರಳಿದ್ದನ್ನು ಕಂಡಿರಬೇಕು.

"ನನ್ನ ಪರೀಕ್ಷಾ ಆತು. ಅವತ್ತು ಅಷ್ಟು ಮಂದಿ ನಕ್ಕರಲ್ಲ, ನೀ ಏನ್ ಕಲತಿ?" ಎಂದ.

ಚಿಗವ್ವ ಚಹಾ ತಂದಳು. ಕಾಕಾ ಕಪ್ಪು ಎತ್ತಿದ. ಅರ್ಧ ಚಹಾ ಕಪ್ಪಿನಡಿಯ ಬಸಿಗೆ ಚೆಲ್ಲಿತು. ಈಗ ನನ್ನ ಪ್ರದರ್ಶನದಲ್ಲಿ ಯಾರಾದರೂ ನಕ್ಕರೆ, ಹೊಸ ಮೂತಿಯೊಂದನ್ನು ಕೊಟ್ಟು "ಮಾಡಿ ತೋರಸ್ರಿ" ಎಂದು ನಾನು ಮೊದಲು ಅವರ ಕೈ ನೋಡುತ್ತೇನೆ.